ಆಲೂಗಡ್ಡೆ ಯಾಕೆ ನೀರಾಯಿತು? ಮೆತ್ತಗಿನ ಕೊಳೆ ಪತ್ತೆ ಹಚ್ಚುವುದು ಹೀಗೆ

ಮೇ ತಿಂಗಳ ಒಂದು ಸಂಜೆ ಬಿತ್ತನೆ ಆಲೂಗಡ್ಡೆ ಹೋಳು ಮಾಡಿ ಅಂಗಳದಲ್ಲಿ ಹರಡಿದ್ದೆವು. ಮೋಡ ಕಟ್ಟಿತು. ನಾನೇ ಓಡಿ ಹೋಗಿ ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ ಮಲಗಿದೆ. ಬೆಳಿಗ್ಗೆ ಟಾರ್ಪಾಲು ಎತ್ತಿದರೆ ಒಳಗೆ ಹಬೆ. ರಾಶಿಗೆ ಕೈ ಹಾಕಿದರೆ ಬೆಚ್ಚಗಿತ್ತು. ಮೂರನೇ ದಿನಕ್ಕೆ ಅರ್ಧದಷ್ಟು ಹೋಳು ಗಂಜಿಯಾಗಿತ್ತು. "ಒಂದು ಹನಿ ಮಳೆ ಬಿದ್ದಿಲ್ಲ, ಹೆಂಗೋ ಕೊಳೀತು?" ಅಂತ ಚಿಕ್ಕಪ್ಪ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನೀರು ಮೇಲಿಂದ ಬಂದಿರಲಿಲ್ಲ, ಹೋಳುಗಳೇ ಬಿಟ್ಟ ಬೆವರು ಅದು ಅಂತ ಆಮೇಲೆ ಗೊತ್ತಾಯಿತು.

ಹಾಸನದ ಕಡೆ ಆಲೂಗಡ್ಡೆ ಬೆಳೆಯುವವರಿಗೆ ಈ ಕೊಳೆ ಹೊಸದಲ್ಲ. ಈರುಳ್ಳಿ, ಬಾಳೆ, ಕ್ಯಾರೆಟ್‌ಗೂ ಬರುತ್ತದೆ. ಕೊಳೆ ಕಂಡ ಕೂಡಲೇ ಔಷಧಿ ಅಂಗಡಿಗೆ ಓಡುವುದು ನಮ್ಮ ಅಭ್ಯಾಸ. ಆದರೆ ಕೊಳೆತದ್ದನ್ನು ಸರಿ ಮಾಡುವ ಔಷಧಿ ಇಲ್ಲ. ನೀರು ಎಲ್ಲಿಂದ ಬಂತು ಅಂತ ಹುಡುಕಿದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು.

ಮೊದಲು, ಒಳಗೆ ನಡೆಯುವುದೇನು

ಗಡ್ಡೆಯೊಳಗೆ ಲಕ್ಷಾಂತರ ಜೀವಕೋಶಗಳು ಇಟ್ಟಿಗೆ ಜೋಡಿಸಿದ ಹಾಗೆ ಇವೆ. ಇಟ್ಟಿಗೆ ನಡುವಿನ ಗಾರೆ ಅಂದರೆ ಪೆಕ್ಟಿನ್. ಸೀಬೆ ಹಣ್ಣಿನ ಜೆಲ್ಲಿ ಗಟ್ಟಿಯಾಗುವುದು ಇದರಿಂದಲೇ. ಪೆಕ್ಟೋಬ್ಯಾಕ್ಟೀರಿಯಂ ಅನ್ನುವ ಬ್ಯಾಕ್ಟೀರಿಯಾ ಈ ಗಾರೆಯನ್ನು ಕರಗಿಸುವ ಕಿಣ್ವಗಳನ್ನು ಹೊರಗೆ ಸುರಿಯುತ್ತದೆ. ಪೆಕ್ಟೇಟ್ ಲಯೇಸ್, ಪಾಲಿಗ್ಯಾಲಕ್ಟುರೊನೇಸ್ ಅನ್ನುವವು ಮುಖ್ಯವಾದವು. ಜೊತೆಗೆ ಕೋಶದ ಗೋಡೆಯ ನಾರನ್ನು ಕಡಿಯುವ ಸೆಲ್ಯುಲೇಸ್ ಕೂಡ ಇದೆ. ಗಾರೆ ಹೋದ ಮೇಲೆ ಇಟ್ಟಿಗೆ ನಿಲ್ಲುವುದಿಲ್ಲ ಅಲ್ವಾ? ಕೋಶಗಳು ಒಂದರಿಂದ ಒಂದು ಬಿಡಿಸಿಕೊಂಡು, ಸೋರಿ, ಲೋಳೆಯಾಗುತ್ತವೆ.

ಈ ಬ್ಯಾಕ್ಟೀರಿಯಾವನ್ನು ಮೊದಲು ವಿವರಿಸಿದವರು ಅಮೆರಿಕದ ವರ್ಮಾಂಟ್‌ನ ಸಸ್ಯರೋಗ ವಿಜ್ಞಾನಿ ಎಲ್. ಆರ್. ಜೋನ್ಸ್. 1901ರಲ್ಲಿ, ಕೊಳೆತ ಕ್ಯಾರೆಟ್‌ನಿಂದ. ಹಳೆಯ ಕೃಷಿ ಪುಸ್ತಕಗಳಲ್ಲಿ ಇದೇ ಬ್ಯಾಕ್ಟೀರಿಯಾಕ್ಕೆ ಎರ್ವಿನಿಯಾ ಅಂತ ಹೆಸರಿದೆ. ಬೇರೆ ರೋಗ ಅಂದುಕೊಂಡು ಗಾಬರಿಯಾಗಬೇಡಿ.

ಇನ್ನೊಂದು ಮಾತು ಗೊತ್ತಿದ್ದರೆ ಮುಂದಿನದು ಸುಲಭ. ಈ ಬ್ಯಾಕ್ಟೀರಿಯಾ ಸಂಖ್ಯೆ ಕಮ್ಮಿ ಇದ್ದಾಗ ಸುಮ್ನೆ ಇರುತ್ತದೆ. ಒಂದಕ್ಕೊಂದು ರಾಸಾಯನಿಕ ಸುಳಿವು ಬಿಡುತ್ತಾ, ಸಾಕಷ್ಟು ಮಂದಿ ಸೇರಿದ್ದೇವೆ ಅಂತ ಗೊತ್ತಾದ ಮೇಲೆ ಎಲ್ಲ ಒಟ್ಟಿಗೆ ಕಿಣ್ವ ಸುರಿಯುತ್ತವೆ. ನಿನ್ನೆ ಚೆನ್ನಾಗಿದ್ದ ಗಡ್ಡೆ ಇವತ್ತು ಕೈಗೆ ಅಂಟಿಕೊಳ್ಳುವುದು ಅದಕ್ಕೇ. ರೋಗ ನಿನ್ನೆ ಬಂದದ್ದಲ್ಲ. ನಿನ್ನೆ ಅವುಗಳ ಲೆಕ್ಕ ತುಂಬಿತು, ಅಷ್ಟೆ.

ಮೂಟೆಯ ತಳದಲ್ಲಿ ಒದ್ದೆ ಕಲೆ ಕಂಡರೆ

ಇದಕ್ಕೆ ಕಾಸು ಖರ್ಚಿಲ್ಲ. ಮೂಟೆ ಬಿಚ್ಚಿ, ನೆರಳಲ್ಲಿ ಒಂದೇ ಪದರವಾಗಿ ಸುರುವಿ. ಮೇಲಿನ ನಾಲ್ಕು ಗಡ್ಡೆ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ಕೊಳೆ ಶುರುವಾಗುವುದು ಹೊಟ್ಟೆಯಲ್ಲಿ ಮತ್ತು ತಳದಲ್ಲಿ.

ಒಂದು ಗಡ್ಡೆ ಕೊಳೆತು ಅದರ ನೀರು ಅಕ್ಕಪಕ್ಕದ ಹತ್ತಾರು ಗಡ್ಡೆಗೆ ತಾಗಿದ್ದರೆ, ಮೂಲ ಆ ಒಂದೇ. ಅದನ್ನೂ ಅದಕ್ಕೆ ತಾಗಿದ್ದನ್ನೂ ಬೇರೆ ಮಾಡಿ. ತಾಗಿದ್ದರಲ್ಲಿ ಗಟ್ಟಿ ಇರುವುದನ್ನು ಒಣಗಿಸಿ ಬೇಗ ಅಡುಗೆಗೆ ಬಳಸಿ, ಮತ್ತೆ ಮೂಟೆಗೆ ಹಾಕಬೇಡಿ. ಮೂಟೆಯ ಎಲ್ಲ ಕಡೆ ಚುಕ್ಕಿ ಚುಕ್ಕಿಯಾಗಿ ಕೊಳೆತಿದ್ದರೆ ಮಾತ್ರ ಕಥೆ ಬೇರೆ. ಆಗ ಕೀಳುವಾಗಲೋ ಸಾಗಿಸುವಾಗಲೋ ಇಡೀ ಸರಕು ಒದ್ದೆಯಾಗಿದೆ.

ಚೀಲ ಯಾವುದು ಅಂತಲೂ ನೋಡಿ. ಪ್ಲಾಸ್ಟಿಕ್ ಚೀಲದಲ್ಲಿ ಗಡ್ಡೆ ಉಸಿರಾಡಿ ಬಿಟ್ಟ ನೀರು ಹೊರಗೆ ಹೋಗುವುದಿಲ್ಲ. ಶೀತಲ ಗೃಹದಿಂದ ತಂದ ಬಿತ್ತನೆ ಗಡ್ಡೆಯಂತೂ ಹೊರಗಿನ ಸೆಕೆಗೆ ಬಂದ ಕೂಡಲೇ ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿಯ ಹಾಗೆ ಬೆವರುತ್ತದೆ. ಲಾರಿಯಿಂದ ಇಳಿಸಿದ ದಿನವೇ ಚೀಲ ಬಿಚ್ಚಿ ಹರಡಬೇಕು ಅನ್ನುವುದು ಇದಕ್ಕೆ. ನಾಳೆ ಬಿಚ್ಚೋಣ ಅನ್ನಬೇಡಿ.

ಸಿಪ್ಪೆ ಮೇಲೆ ಬಿಳಿ ಗುಳ್ಳೆಗಳು

ಗಡ್ಡೆ ಇನ್ನೂ ಗಟ್ಟಿ ಇದೆ, ಆದರೆ ಮೈ ಮೇಲೆಲ್ಲ ಸಾಸಿವೆ ಕಾಳಿನಷ್ಟು ಬಿಳಿ ಉಬ್ಬು. ಇದು ರೋಗ ಅಲ್ಲ, ಎಚ್ಚರಿಕೆ. ಗಡ್ಡೆ ಉಸಿರಾಡುವ ರಂಧ್ರಗಳು ನೀರು ಹೆಚ್ಚಾಗಿ ಬಾಯಿ ತೆರೆದಿವೆ. ಬ್ಯಾಕ್ಟೀರಿಯಾ ಒಳಗೆ ಹೋಗುವ ಬಾಗಿಲು ಅದೇ.

ಗಡ್ಡೆಯ ಸುತ್ತ ತೆಳ್ಳಗೆ ನೀರಿನ ಪೊರೆ ನಿಂತರೂ ಗಾಳಿ ಒಳಗೆ ಹೋಗುವುದಿಲ್ಲ. ಸುಮಾರು 21 ಡಿಗ್ರಿ ಸೆಖೆಯಲ್ಲಿ ಎರಡೂವರೆ ಗಂಟೆ ಹೀಗಿದ್ದರೆ ಗಡ್ಡೆಯ ನಡುವಿನ ಆಮ್ಲಜನಕ ಖಾಲಿ. ಗಾಳಿ ಇಲ್ಲದೆ ಗಡ್ಡೆ ಗಾಯ ಮುಚ್ಚಿಕೊಳ್ಳಲಾರದು, ತನ್ನ ರಕ್ಷಣೆ ಮಾಡಿಕೊಳ್ಳಲಾರದು. ಈ ಬ್ಯಾಕ್ಟೀರಿಯಾ ಮಾತ್ರ ಗಾಳಿ ಇದ್ದರೂ ಇಲ್ಲದಿದ್ದರೂ ಬದುಕುತ್ತದೆ. ಸೋಲು ಗೆಲುವು ಇಲ್ಲೇ ತೀರ್ಮಾನವಾಗುತ್ತದೆ.

ಹೊಲದಲ್ಲಿ ಇದು ಕಂಡರೆ ಕಾಲುವೆ ತೆಗೆದು ನೀರು ಬಸಿಯಿರಿ. ಕಿತ್ತ ಮೇಲೆ ಕಂಡರೆ ಒಣಗಿಸಿ. ಮಾರುಕಟ್ಟೆಯಲ್ಲಿ ಅಂದ ಕಾಣಲಿ ಅಂತ ತೊಳೆದು ಹಾಗೇ ಚೀಲ ತುಂಬುವವರನ್ನು ನೋಡಿದ್ದೇನೆ. ಅದು ಕೊಳೆಗೆ ಕೊಡುವ ಮುಂಗಡ.

ಬೆರಳು ಒಳಗೆ ಹೋಗುತ್ತಿದೆ

ಈಗ ಚಾಕು ತೆಗೆದುಕೊಳ್ಳಿ. ಗಡ್ಡೆಯನ್ನು ಎರಡು ಭಾಗ ಮಾಡಿ, ಕೊಳೆತ ಭಾಗವನ್ನು ನಲ್ಲಿಯ ಕೆಳಗೆ ಹಿಡಿಯಿರಿ. ಮೆತ್ತಗಿನ ಕೊಳೆಯಾದರೆ ಕೆನೆ ಬಣ್ಣದ ಲೋಳೆ ಪೂರ್ತಿ ತೊಳೆದು ಹೋಗಿ, ಚಮಚದಲ್ಲಿ ಕೆರೆದ ಹಾಗೆ ಗುಳಿ ಉಳಿಯುತ್ತದೆ. ಗುಳಿಯ ಅಂಚಿಗೆ ಕಂದು ಅಥವಾ ಕಪ್ಪು ಗೆರೆ. ಗೆರೆಯ ಆಚೆ ಬದಿ ಗಟ್ಟಿ, ಬಿಳಿ. ಇಷ್ಟು ಚೊಕ್ಕಟವಾಗಿ ಗಡಿ ಹಾಕುವ ಕೊಳೆ ಬೇರೆ ಕಮ್ಮಿ. ಕಿಣ್ವ ಎಲ್ಲಿಯವರೆಗೆ ಹರಿದಿದೆಯೋ ಅಲ್ಲಿಯವರೆಗೆ ಗಾರೆ ಇಲ್ಲ, ಅದರಾಚೆ ಇದೆ.

ವಾಸನೆಯನ್ನೇ ನಂಬಬೇಡಿ. ಶುರುವಿನಲ್ಲಿ ಈ ಕೊಳೆಗೆ ನಾತ ಇರುವುದಿಲ್ಲ. ಮೂಗು ಮುಚ್ಚುವ ನಾತ ಬರುವುದು ಆಮೇಲೆ, ಬೇರೆ ಬೇರೆ ಸೂಕ್ಷ್ಮಜೀವಿಗಳು ಹಬ್ಬಕ್ಕೆ ಬಂದಾಗ. ನಾತ ಬರುವವರೆಗೆ ಕಾದರೆ ತಡವಾಯಿತು.

ತೊಳೆದಾಗ ಕರಗದಿದ್ದರೆ ಇದು ಬೇರೆ ತೊಂದರೆ. ಸಿಪ್ಪೆ ಸುಕ್ಕುಗಟ್ಟಿ, ಒಳಗೆ ಪೊಳ್ಳು ಬಿದ್ದು, ಬಿಳಿ ಅಥವಾ ಗುಲಾಬಿ ಬೂಷ್ಟು ಇದ್ದರೆ ಅದು ಫ್ಯುಸೇರಿಯಂ ಶಿಲೀಂಧ್ರದ ಒಣ ಕೊಳೆ. ಸಿಪ್ಪೆಯ ಕೆಳಗೆ ಕೆಂಪು ಮಿಶ್ರಿತ ಕಂದು, ಮುಟ್ಟಿದರೆ ಗಟ್ಟಿ ಅಂದರೆ ಅಂಗಮಾರಿ ಗಡ್ಡೆಗೆ ಇಳಿದಿದೆ. ಅದರ ಬೆನ್ನಿಗೇ ಮೆತ್ತಗಿನ ಕೊಳೆ ನುಗ್ಗುವುದುಂಟು, ಎರಡೂ ಒಂದೇ ಗಡ್ಡೆಯಲ್ಲಿ ಸಿಗುತ್ತವೆ. ನಟ್ಟ ನಡುವೆ ಮಾತ್ರ ಕಪ್ಪು, ನಾತವಿಲ್ಲ, ಸುತ್ತ ಎಲ್ಲ ಚೆನ್ನಾಗಿದೆ ಅಂದರೆ ಯಾವ ರೋಗವೂ ಅಲ್ಲ, ಗಡ್ಡೆಗೆ ಉಸಿರು ಕಟ್ಟಿದೆ. ಸೆಖೆಯ ಕೋಣೆಯಲ್ಲಿ ಒತ್ತೊತ್ತಾಗಿ ತುಂಬಿದ್ದರ ಫಲ.

ಕತ್ತರಿಸಿದ ಗಡ್ಡೆಯಲ್ಲಿ ಸಿಪ್ಪೆಯಿಂದ ಸ್ವಲ್ಪ ಒಳಗೆ ಕಂದು ಉಂಗುರ ಕಂಡರೆ, ಹಿಂಡಿದಾಗ ಉಂಗುರದಿಂದ ಹಾಲಿನಂಥ ಹನಿ ಬಂದರೆ, ಕಣ್ಣುಗಳಿಗೆ ಮಣ್ಣು ಅಂಟಿಕೊಂಡಿದ್ದರೆ, ಅಲ್ಲಿಗೆ ನಿಲ್ಲಿಸಿ. ಅದು ಇನ್ನೊಂದು ಬ್ಯಾಕ್ಟೀರಿಯಾದಿಂದ ಬರುವ ದುಂಡಾಣು ಸೊರಗು ರೋಗ ಇರಬಹುದು. ಮಣ್ಣಿನಲ್ಲಿ ಉಳಿಯುವ ರೋಗ ಅದು. ಆ ಹೊಲದ ಗಡ್ಡೆಯನ್ನು ಬಿತ್ತನೆಗೆ ಇಡಬೇಡಿ. ಮುಂದಿನ ಬೆಳೆಗೆ ಟೊಮೆಟೊ, ಬದನೆ, ಮೆಣಸಿನಕಾಯಿ ಬೇಡ. ರಾಗಿ ಅಥವಾ ಮುಸುಕಿನ ಜೋಳ ಹಾಕಿ.

ನೆಟ್ಟ ಹೋಳು ಮಣ್ಣಲ್ಲೇ ಕರಗಿತು

ಹದಿನೈದು ಇಪ್ಪತ್ತು ದಿನವಾದರೂ ಸಾಲಿನಲ್ಲಿ ಅಲ್ಲಲ್ಲಿ ಮೊಳಕೆ ಇಲ್ಲ. ಕೆದಕಿ ನೋಡಿದರೆ ಹೋಳಿನ ಬದಲು ಬರೀ ಸಿಪ್ಪೆ. ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ, ನಮ್ಮ ಕಡೆ ಜಾಸ್ತಿ ದುಡ್ಡು ಹೋಗುವುದು ಇಲ್ಲೇ. ಬಿತ್ತನೆ ಗಡ್ಡೆ ಪಂಜಾಬಿನಿಂದ ಬರಬೇಕು, ಬೆಲೆ ನಮ್ಮ ಕೈಯಲ್ಲಿಲ್ಲ.

ಮೊದಲು ಕೇಳಿಕೊಳ್ಳಿ: ಕತ್ತರಿಸಿದ ಮೇಲೆ ಎಷ್ಟು ದಿನಕ್ಕೆ ನೆಟ್ಟಿರಿ? ಕತ್ತರಿಸಿದ ಮುಖಕ್ಕೆ ಬೆಂಡಿನಂಥ ಹೊಸ ಪದರ ಬರಲು ಗಾಳಿಯಾಡುವ ನೆರಳಲ್ಲಿ ಎರಡು ಮೂರು ದಿನ ಬೇಕು. ಅದು ಬಂದಿದೆಯೋ ಇಲ್ಲವೋ ಅಂತ ಹೆಬ್ಬೆರಳಿಂದ ಉಜ್ಜಿ ನೋಡಿ. ಗಾಯ ಮಾಗಿದ್ದರೆ ಮುಖ ಒಣಗಿ ತೊಗಲಿನ ಹಾಗಿರುತ್ತದೆ. ಬೆರಳಿಗೆ ಹಿಟ್ಟಿನ ಪಸೆ ಅಂಟಿದರೆ ಇನ್ನೂ ಹಸಿ ಗಾಯ. ಹಸಿ ಗಾಯ ಒದ್ದೆ ಮಣ್ಣಿಗೆ ಹೋದರೆ ಬ್ಯಾಕ್ಟೀರಿಯಾಕ್ಕೆ ಗೋಡೆ ಒಡೆಯುವ ಶ್ರಮವೂ ಇಲ್ಲ. ಗೋಡೆಯನ್ನು ನಾವೇ ಚಾಕುವಿನಿಂದ ಒಡೆದು ಕೊಟ್ಟಿದ್ದೇವೆ.

ಎರಡನೆಯದು, ಚಾಕು. ಒಂದು ಕೊಳೆತ ಗಡ್ಡೆ ಕತ್ತರಿಸಿದ ಚಾಕು ಮುಂದಿನ ಅದೆಷ್ಟೋ ಗಡ್ಡೆಗೆ ರೋಗ ಹಚ್ಚುತ್ತದೆ. ಎರಡು ಚಾಕು ಇಟ್ಟುಕೊಳ್ಳಿ. ಒಂದು ಕೈಯಲ್ಲಿದ್ದಾಗ ಇನ್ನೊಂದು ಬ್ಲೀಚಿಂಗ್ ಪುಡಿಯ ತಿಳಿ ನೀರಲ್ಲಿರಲಿ.

ಮೂರನೆಯದು ಸ್ವಲ್ಪ ಕಹಿ. ಹೋಳುಗಳನ್ನು ಮ್ಯಾಂಕೊಜೆಬ್ ನೀರಲ್ಲಿ ಅದ್ದುವುದು ರೂಢಿ. ಮ್ಯಾಂಕೊಜೆಬ್ ಶಿಲೀಂಧ್ರನಾಶಕ. ಒಣ ಕೊಳೆಗೆ ಸರಿ. ಬ್ಯಾಕ್ಟೀರಿಯಾದ ಕೊಳೆಗೆ ಅದರಿಂದ ಹೆಚ್ಚೇನೂ ಆಗದು. ಅದ್ದಿ ತೆಗೆದು ಸರಿಯಾಗಿ ಒಣಗಿಸದೆ ರಾಶಿ ಹಾಕಿದರೆ ಕೊಳೆ ಜಾಸ್ತಿಯೇ ಆಗುತ್ತದೆ. ಔಷಧಿ ಹಾಕಿದ್ದೇವಲ್ಲ ಅನ್ನುವ ಧೈರ್ಯ ಬೇರೆ!

ಸಣ್ಣ ಗಡ್ಡೆ ಸಿಕ್ಕರೆ ಕತ್ತರಿಸದೆ ಇಡಿಯಾಗಿ ನೆಡುವುದು ಎಲ್ಲಕ್ಕಿಂತ ಸಲೀಸು.

ಗಿಡದ ಬುಡ ಕಪ್ಪಾಗಿ ಲೋಳೆಯಾಗಿದೆ

ಗಿಡ ಬಾಡಿ, ಎಳೆದರೆ ಸುಲಭವಾಗಿ ಬರುತ್ತದೆ. ಬುಡ ಮಸಿ ಬಳಿದ ಹಾಗೆ ಕಪ್ಪು. ಬಹುಪಾಲು ಕೊಳೆತ ಬೀಜದ ಹೋಳಿನಿಂದಲೇ ಮೇಲೆ ಹತ್ತಿದ ರೋಗ ಇದು.

ಇಲ್ಲಿ ಒಂದು ಲೋಟ ನೀರು ಬೇಕು, ಗಾಜಿನ ಲೋಟ. ಬಾಡಿದ ಕಾಂಡದ ಬುಡದಿಂದ ಬೆರಳುದ್ದದ ತುಂಡು ಕತ್ತರಿಸಿ ತೊಳೆದು, ಕತ್ತರಿಸಿದ ತುದಿ ನೀರಿಗೆ ತಾಗುವಷ್ಟು ಮಾತ್ರ ಇಳಿಬಿಡಿ. ಕೈ ಅಲ್ಲಾಡಿಸಬೇಡಿ. ಕೆಲವೇ ನಿಮಿಷದಲ್ಲಿ ತುದಿಯಿಂದ ಹಾಲಿನ ಎಳೆ ಕೆಳಗೆ ಇಳಿದರೆ ದುಂಡಾಣು ಸೊರಗು ರೋಗ. ಎಳೆ ಬರದೆ ಬುಡ ಬರೀ ಲೋಳೆಯಾಗಿದ್ದರೆ ನಮ್ಮ ಮೆತ್ತಗಿನ ಕೊಳೆಯ ಬಳಗ. ಗಿಡವನ್ನು ಗಡ್ಡೆ ಸಮೇತ ಕಿತ್ತು ಹೊಲದ ಹೊರಗೆ ಆಳವಾಗಿ ಹೂಳಿ. ತಿಪ್ಪೆಗೆ ಎಸೆದರೆ ಮುಂದಿನ ವರ್ಷ ಗೊಬ್ಬರದ ಜೊತೆ ವಾಪಸ್ ಬರಬಹುದು.

ಈರುಳ್ಳಿಯ ಕುತ್ತಿಗೆ ಒತ್ತಿದರೆ ರಸ ಚಿಮ್ಮುತ್ತದೆ

ಹೊರಗೆ ಬಂಗಾರದಂಥ ಸಿಪ್ಪೆ, ಕುತ್ತಿಗೆ ಒತ್ತಿದರೆ ಒಳಗಿಂದ ನೀರು. ಬ್ಯಾಕ್ಟೀರಿಯಾ ಒಳಗೆ ಹೋದದ್ದು ಎಲೆ ಕತ್ತರಿಸಿದ ಜಾಗದಿಂದ. ಚಿತ್ರದುರ್ಗ, ಗದಗ ಕಡೆ ಮುಂಗಾರಿನ ಈರುಳ್ಳಿ ಕೀಳುವ ಹೊತ್ತಿಗೇ ಮಳೆ ಹಿಡಿಯುತ್ತದೆ, ಎಲೆ ಹಸಿ ಇರುವಾಗಲೇ ಕೊಯ್ಯುತ್ತಾರೆ. ಎಲೆ ಬಾಡಿ ಕುತ್ತಿಗೆ ಸಣಕಲಾದ ಮೇಲೆ, ಒಂದು ಇಂಚು ಬಿಟ್ಟು ಕೊಯ್ದರೆ ಬಾಗಿಲು ತಾನೇ ಮುಚ್ಚಿರುತ್ತದೆ.

ಅಡ್ಡ ಕತ್ತರಿಸಿ ನೋಡಿ. ಹೊರಗಿನದೂ ಒಳಗಿನದೂ ಗಟ್ಟಿ, ನಡುವಿನ ಒಂದೆರಡು ಪದರ ಮಾತ್ರ ಲೋಳೆ, ಹುಳಿ ವಾಸನೆ: ಅದು ಬರ್ಖೋಲ್ಡೇರಿಯಾ ಸೆಪೇಸಿಯಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ. ಒಣ ಸಿಪ್ಪೆಯ ಕೆಳಗೆ ಮಸಿಯಂಥ ಕಪ್ಪು ಪುಡಿ ಇದ್ದರೆ ಅದು ಶಿಲೀಂಧ್ರ, ಬೇರೆ ವಿಷಯ.

ಶುಂಠಿ ಕೊಳೆತಿದೆ, ಇದೂ ಅದೇನಾ?

ಸಾಮಾನ್ಯವಾಗಿ ಅಲ್ಲ. ನಾವು ಕೊಳೆ ರೋಗ ಅನ್ನುವುದು ಬಹಳ ಸಲ ಪಿಥಿಯಂನಿಂದ ಬಂದದ್ದು. ಅದು ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರದಂಥ ಜೀವಿ. ಕೆಳಗಿನ ಎಲೆಗಳ ತುದಿ ಹಳದಿಯಾಗುತ್ತಾ ಬಂದು, ಬುಡ ಮೆತ್ತಗಾಗಿ, ಎಳೆದರೆ ಕಾಂಡ ಕೈಗೆ ಬಂದರೆ ಪಿಥಿಯಂ. ಎಲೆ ಹಸಿರಾಗಿರುವಾಗಲೇ ಮಡಿಚಿಕೊಂಡು ಧಿಡೀರನೆ ಸೊರಗಿದರೆ ಲೋಟದ ಪರೀಕ್ಷೆ ಮಾಡಿ. ಒಂದರ ಔಷಧಿ ಇನ್ನೊಂದಕ್ಕೆ ಕೆಲಸ ಮಾಡದು. ಹೆಸರು ಖಚಿತವಾಗದೆ ದುಡ್ಡು ಬಿಚ್ಚಬೇಡಿ.

ಬಾಳೆ ಗಿಡ ಬುಡದಲ್ಲೇ ಮುರಿಯಿತು

ಅಂಗಾಂಶ ಕೃಷಿಯ ಎಳೆ ಗಿಡ, ಸೆಖೆ ಕಾಲ, ಸ್ವಲ್ಪ ತಳ್ಳಿದರೆ ಮೇಲಿನ ಭಾಗ ಕೈಗೆ ಬಂದು ಗೆಡ್ಡೆ ಮಣ್ಣಲ್ಲೇ ಉಳಿಯಿತು, ಕೆಟ್ಟ ನಾತ. ಇದು ಪೆಕ್ಟೋಬ್ಯಾಕ್ಟೀರಿಯಂ ಕೆಲಸವೇ. ಕಾಂಡ ಸೀಳಿದಾಗ ಕೆಂಪು ಕಂದು ನಾರು ಕಂಡರೆ ಮಾತ್ರ ಪನಾಮ ಸೊರಗು ರೋಗದ ಅನುಮಾನ ಪಡಿ. ಬುಡದಲ್ಲಿ ನೀರು ನಿಲ್ಲದ ಹಾಗೆ ಮಾಡುವುದು ಮೊದಲ ಕೆಲಸ.

ಫ್ರಿಜ್‌ನಲ್ಲಿಟ್ಟ ಕ್ಯಾರೆಟ್ ಜಾರುತ್ತಿದೆ

ತಣ್ಣಗಿದ್ದರೂ ಕೊಳೆತಿತಲ್ಲ ಅಂತ ಕೇಳುತ್ತಾರೆ. ಪೆಕ್ಟೋಬ್ಯಾಕ್ಟೀರಿಯಂ ಚಳಿಯಲ್ಲಿ ಮಂಕಾಗುತ್ತದೆ, ನಿಜ. ಆದರೆ ಸ್ಯೂಡೋಮೊನಾಸ್ ಬಳಗದ ಕೆಲವು ಬ್ಯಾಕ್ಟೀರಿಯಾ 4 ಡಿಗ್ರಿಯಲ್ಲೂ ಬೆಳೆದು ಇದೇ ಪೆಕ್ಟಿನ್ ಕರಗಿಸುತ್ತವೆ. ತೊಳೆದ ಕ್ಯಾರೆಟ್, ಕೊತ್ತಂಬರಿ ಸೊಪ್ಪನ್ನು ಒದ್ದೆ ಕವರ್‌ನಲ್ಲಿ ಕಟ್ಟಿ ಇಡಬೇಡಿ. ಒಣ ಬಟ್ಟೆಯಲ್ಲಿ ಸುತ್ತಿಡಿ. ಜಾರುವುದನ್ನು ತೊಳೆದು ಹುಳಿಗೆ ಹಾಕೋಣ ಅನ್ನುವ ಉಳಿತಾಯವೂ ಬೇಡ.

ಅಂದ ಹಾಗೆ, ಇದೇ ಥರದ ಕಿಣ್ವಗಳಿಗೆ ಸಕಲೇಶಪುರದ ಕಾಫಿ ತೋಟದಲ್ಲಿ ಮರ್ಯಾದೆ ಇದೆ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಬಂದ ಬೀಜದ ಮೇಲಿನ ಲೋಳೆ ಪೆಕ್ಟಿನ್ನೇ. ತೊಟ್ಟಿಯಲ್ಲಿ ಬಿಟ್ಟರೆ ಸೂಕ್ಷ್ಮಜೀವಿಗಳ ಕಿಣ್ವ ಅದನ್ನು ಕರಗಿಸುತ್ತದೆ, ಕೈಯಲ್ಲಿ ಉಜ್ಜಿದಾಗ ಬೀಜ ಗರಗರ ಅಂದರೆ ತೊಳೆಯುವ ಹೊತ್ತು. ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಇದ್ದರೆ ಪೆಕ್ಟಿನ್ ಬಿಗಿಯಾಗುತ್ತದೆ ಅನ್ನುವುದೂ ಅಡುಗೆಯವರಿಗೆ ಗೊತ್ತು. ಬೂದುಗುಂಬಳದ ಪೇಟಾ ಮಾಡುವವರು ಹೋಳನ್ನು ಸುಣ್ಣದ ತಿಳಿಯಲ್ಲಿ ನೆನೆಸುವುದು ಪಾಕದಲ್ಲಿ ಕರಗದಿರಲಿ ಅಂತ. ಕ್ಯಾಲ್ಸಿಯಂ ಚೆನ್ನಾಗಿ ಸಿಕ್ಕ ಆಲೂಗಡ್ಡೆಯೂ ಹಾಗೇ ನಿಧಾನವಾಗಿ ಕೊಳೆಯುತ್ತದೆ. ತಮಾಷೆ ಏನೆಂದರೆ ಗೋಡೆ ಕರಗಿಸುವ ಪೆಕ್ಟೇಟ್ ಲಯೇಸ್‌ಗೂ ಕೆಲಸ ಮಾಡಲು ಕ್ಯಾಲ್ಸಿಯಂ ಬೇಕು.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಮುಚ್ಚಿದ ಗೋದಾಮಿನಲ್ಲೋ ನೆಲಮಾಳಿಗೆಯಲ್ಲೋ ದೊಡ್ಡ ರಾಶಿ ಕೊಳೆತಿದ್ದರೆ ಒಬ್ಬರೇ ಒಳಗೆ ಹೋಗಬೇಡಿ. ಕೊಳೆಯುವ ರಾಶಿ ಆಮ್ಲಜನಕ ತಿಂದು ಕಾರ್ಬನ್ ಡೈಆಕ್ಸೈಡ್ ತುಂಬುತ್ತದೆ. ಬಾಗಿಲು ಕಿಟಕಿ ತೆರೆದು ಗಾಳಿಯಾಡಲು ಬಿಡಿ, ಹೊರಗೆ ಒಬ್ಬರನ್ನು ನಿಲ್ಲಿಸಿ. ತಲೆ ಸುತ್ತಿದರೆ ಕೂಡಲೇ ಹೊರಗೆ ಬನ್ನಿ. ಒಳಗೆ ಯಾರಾದರೂ ಬಿದ್ದಿದ್ದರೆ ಹಿಂದೆಯೇ ನುಗ್ಗಬೇಡಿ, 112ಕ್ಕೆ ಫೋನ್ ಮಾಡಿ.

ಬ್ಲೀಚಿಂಗ್ ಪುಡಿಯನ್ನು ಟಾಯ್ಲೆಟ್ ಕ್ಲೀನರ್ ಅಥವಾ ಯಾವುದೇ ಆಸಿಡ್ ಜೊತೆ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಕೊಳೆತ ಅಥವಾ ಹಸಿರುಗಟ್ಟಿದ ಆಲೂಗಡ್ಡೆಯನ್ನು ದನಕ್ಕೆ ಹಾಕಬೇಡಿ.

ಅಂಗಡಿಯಲ್ಲಿ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಬೆರೆಸಿದ ಪುಡಿ ಕೊಡಲು ಬಂದರೆ ತಡೆಯಿರಿ. ಇವು ಮನುಷ್ಯರಿಗೂ ಬೇಕಾದ ಆ್ಯಂಟಿಬಯಾಟಿಕ್‌ಗಳು. ಕೃಷಿಯಲ್ಲಿ ಇವನ್ನು ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರ 2021ರಲ್ಲೇ ಹೊರಡಿಸಿತ್ತು. ಕರಗಿ ಹೋದ ಗೋಡೆಯನ್ನು ಅವು ಕಟ್ಟಿ ಕೊಡುವುದೂ ಇಲ್ಲ.

ಲೋಟದಲ್ಲಿ ಹಾಲಿನ ಎಳೆ ಕಂಡರೆ, ಅಥವಾ ಒಣಗಿಸಿ ಆಯ್ದು ಇಟ್ಟ ಮೇಲೂ ವಾರದೊಳಗೆ ಮತ್ತೆ ಕೊಳೆ ಕಂಡರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಹಾಸನದವರಿಗೆ ಅದು ಕಂದಲಿಯಲ್ಲಿದೆ. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಮಾದರಿ ಒಯ್ಯುವಾಗ ಪೂರ್ತಿ ಗಂಜಿಯಾದದ್ದನ್ನು ಒಯ್ಯಬೇಡಿ, ಅದರಲ್ಲಿ ಊರಿನ ಸೂಕ್ಷ್ಮಜೀವಿಗಳೆಲ್ಲ ಇರುತ್ತವೆ. ಅರ್ಧ ಗಟ್ಟಿ, ಅರ್ಧ ಮೆತ್ತಗೆ ಇರುವ ನಾಲ್ಕೈದು ಗಡ್ಡೆಯನ್ನು ಪೇಪರ್‌ನಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ ಕವರ್ ಬೇಡ. ದಾರಿಯಲ್ಲೇ ನೀರಾಗಿ ಹೋಗುತ್ತವೆ.